ಐರಿನ್ ಪಾಪಸ್ ಚಿತ್ರಗಳು ಹಾಸನದಲ್ಲೂ ಪ್ರದರ್ಶನವಾಗಲಿ

ಮಾನ್ಯ ಸಂಪಾದಕರೇ,

2022ರ ಸೆಪ್ಟೆಂಬರ್‌ನಲ್ಲಿ ನಿಧನರಾದ ಗ್ರೀಕ್ ನಟಿ ಐರಿನ್ ಪಾಪಸ್ ಅವರ ಕುರಿತು ನಿಮ್ಮ ಸಿನಿಮಾ ಪುಟದಲ್ಲಿ ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

1961ರ ‘ದಿ ಗನ್ಸ್ ಆಫ್ ನವರೋನ್’ನಲ್ಲಿ ನಾಜಿಗಳ ವಿರುದ್ಧ ಸೆಣಸುವ ಹೋರಾಟಗಾರ್ತಿಯಾಗಿದ್ದ ಅವರು, ಮರುವರ್ಷವೇ ಕಾಕೋಯಾನಿಸ್ ನಿರ್ದೇಶನದ ‘ಎಲೆಕ್ಟ್ರಾ’ದಲ್ಲಿ ತಂದೆಯ ಕೊಲೆಗಾಗಿ ತಾಯಿಯನ್ನು ದ್ವೇಷಿಸುವ ಮಗಳಾದರು. ಹದಿನೈದು ವರ್ಷಗಳ ಬಳಿಕ, ಅದೇ ನಿರ್ದೇಶಕರ ‘ಇಫಿಜೀನಿಯಾ’ದಲ್ಲಿ ಅದೇ ತಾಯಿ ಕ್ಲೈಟಮ್ನೆಸ್ಟ್ರಾಳ ಪಾತ್ರ ವಹಿಸಿ, ಹಿರಿಮಗಳು ತಂದೆಯ ಕೈಯಿಂದಲೇ ಬಲಿಯಾಗುವುದನ್ನು ತಡೆಯಲಾಗದ ಹೆಣ್ಣಿನ ಸಂಕಟವನ್ನು ತೋರಿದರು. ಒಂದೇ ಕಥೆಯ ಎರಡೂ ಬದಿಯಲ್ಲಿ ನಿಂತು, ಎರಡಕ್ಕೂ ನ್ಯಾಯ ಒದಗಿಸಿದ ನಟಿಯರು ವಿರಳ. 1964ರ ‘ಜೋರ್ಬಾ ದ ಗ್ರೀಕ್’ನ ವಿಧವೆಗಂತೂ ಮಾತು ಇಲ್ಲವೆನ್ನುವಷ್ಟು ಕಡಿಮೆ, ಚರ್ಚಿನ ಮುಂದೆ ಊರವರು ಸುತ್ತುವರಿದು ಕಲ್ಲೆಸೆಯುವಾಗ, ಕಪ್ಪು ಉಡುಪಿನ ಆಕೆಯ ಭಯವನ್ನೂ ಹಠವನ್ನೂ ಅವರು ಕಣ್ಣುಗಳಲ್ಲೇ ಹಿಡಿದಿಟ್ಟಿದ್ದಾರೆ.

‘ಝೆಡ್’, ‘ದಿ ಮೆಸೇಜ್’ ಚಿತ್ರಗಳಲ್ಲೂ ಅವರಿದ್ದರು. 1967ರಲ್ಲಿ ಗ್ರೀಸ್‌ನಲ್ಲಿ ಸೇನಾಡಳಿತ ಬಂದಾಗ ಅದನ್ನು ಬಹಿರಂಗವಾಗಿ ಖಂಡಿಸಿ ದೇಶದ ಹೊರಗುಳಿದರೆಂಬುದನ್ನು ಇಲ್ಲಿ ನೆನೆಯಲೇಬೇಕು.

ಬಿ.ಎಂ.ಶ್ರೀ ಅವರ ಕಾಲದಿಂದಲೇ ಗ್ರೀಕ್ ರುದ್ರನಾಟಕ ಕನ್ನಡಕ್ಕೆ ಪರಿಚಿತವಾಗಿರುವುದರಿಂದ, ಈ ಚಿತ್ರಗಳು ನಮಗೆ ಪರಕೀಯವೆನಿಸಲಾರವು. ಹಾಸನದ ರಂಗತಂಡಗಳು ಮತ್ತು ಕಾಲೇಜುಗಳು ಒಟ್ಟುಗೂಡಿ ಹಾಸನಾಂಬ ಕಲಾಕ್ಷೇತ್ರದಲ್ಲಿ ‘ಎಲೆಕ್ಟ್ರಾ’ ಮತ್ತು ‘ಇಫಿಜೀನಿಯಾ’ವನ್ನು ಒಂದರ ಹಿಂದೊಂದರಂತೆ, ಸಾಧ್ಯವಾದರೆ ಕನ್ನಡ ಅಡಿಬರಹದೊಂದಿಗೆ ಪ್ರದರ್ಶಿಸಬೇಕು, ಅಭಿನಯ ಕಲಿಯುತ್ತಿರುವ ಇಲ್ಲಿನ ಯುವಜನರಿಗೆ ಪ್ರವೇಶ ಉಚಿತವಾಗಿರಲೆಂದು ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ, ಹಾಸನ