ಬೈಯಬೇಕಾದದ್ದು ಆಡುವ ಹುಡುಗರನ್ನಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಫುಟ್‌ಬಾಲಿನ ಬಗ್ಗೆ ಕನ್ನಡ ಪತ್ರಿಕೆಗೆ ಪತ್ರ ಬರೆಯುವುದು ಸರಿಯೇ ಎಂದು ಎರಡು ದಿನ ಯೋಚಿಸಿಯೇ ಇದನ್ನು ಬರೆಯುತ್ತಿದ್ದೇನೆ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ, ಸನಿವೇಲ್, ಫ್ರೀಮಾಂಟ್ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬೆಳಗಿನ ಕಾಫಿಯ ಜೊತೆ ನಿಮ್ಮ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುತ್ತವೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ತಮ್ಮ ತಂಡವೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್. 2014ರಿಂದ ಆ ತಂಡದ ತವರು ಅಂಗಳವಾದ ಲೆವೈಸ್ ಸ್ಟೇಡಿಯಂ ಇರುವುದು ಸಾಂತಾ ಕ್ಲಾರಾದಲ್ಲೇ. ಈ ತಂಡದ ಇತ್ತೀಚಿನ ಡ್ರಾಫ್ಟ್ ಆಯ್ಕೆಗಳು (ಕಾಲೇಜು ಆಟಗಾರರನ್ನು ತಂಡಗಳು ವರ್ಷಕ್ಕೊಮ್ಮೆ ಆರಿಸಿಕೊಳ್ಳುವ ಪದ್ಧತಿಯೇ ಡ್ರಾಫ್ಟ್) ನಿರಾಶಾದಾಯಕವೇ ಅಲ್ಲವೇ ಎಂಬ ಜಗಳ ನಮ್ಮ ಮನೆಗಳಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಯುಗಾದಿಯ ಬೇವುಬೆಲ್ಲದಷ್ಟೇ ಖಚಿತವಾಗಿ ಬರುತ್ತದೆ. ಈ ಜಗಳದಲ್ಲಿ ಎರಡೂ ಕಡೆಯವರು ತಪ್ಪು ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಡ್ರಾಫ್ಟ್ ಎಂಬುದು ಐಪಿಎಲ್ ಹರಾಜಿನಂಥದ್ದಲ್ಲ. ಹರಾಜಿನಲ್ಲಿ ಹಣವಿದ್ದವರು ಕೂಗಿ ಕೊಳ್ಳುತ್ತಾರೆ. ಡ್ರಾಫ್ಟಿನಲ್ಲಿ ಎಲ್ಲವೂ ಸರದಿಯ ಪ್ರಕಾರ. ತಂಡಗಳು 32, ಸುತ್ತುಗಳು 7. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್, ಅಂದರೆ ಲೀಗಿನ ಅಂತಿಮ ಪಂದ್ಯ ಗೆದ್ದ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಕಾಲೇಜು ತಂಡದಲ್ಲಿ ಆಡಿದ ಹುಡುಗನನ್ನು ಯಾವ ತಂಡ ಹೆಸರಿಸುತ್ತದೆಯೋ ಅವನು ಅಲ್ಲಿಗೇ ಹೋಗಬೇಕು. ಮೊದಲ ನಾಲ್ಕು ವರ್ಷದ ಸಂಬಳವೂ ಸರದಿಯ ಸಂಖ್ಯೆಗೆ ತಕ್ಕಂತೆ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿರುತ್ತದೆ. ಆದರೆ ತಂಡಗಳು ಸರದಿಯನ್ನೇ ಪರಸ್ಪರ ಕೊಡುಕೊಳ್ಳಬಹುದು, ಮುಂದಿನ ವರ್ಷಗಳ ಸರದಿಯನ್ನೂ ಒತ್ತೆಯಿಡಬಹುದು. ನನ್ನ ವಾದವೆಲ್ಲ ನಿಂತಿರುವುದು ಈ ಕೊನೆಯ ಅಂಶದ ಮೇಲೆ.

2021ರ ಮಾರ್ಚ್ 26ರಂದು ಫಾರ್ಟಿನೈನರ್ಸ್ ತಂಡವು ತನ್ನ 12ನೇ ಸರದಿಯನ್ನು ಮಯಾಮಿ ಡಾಲ್ಫಿನ್ಸ್ ತಂಡಕ್ಕೆ ಕೊಟ್ಟು 3ನೇ ಸರದಿಯನ್ನು ಪಡೆಯಿತು. ಒಂಬತ್ತು ಮೆಟ್ಟಿಲು ಮೇಲೇರುವುದಕ್ಕೆ ತೆತ್ತ ಹೆಚ್ಚುವರಿ ಬೆಲೆಯೆಂದರೆ 2022 ಮತ್ತು 2023ರ ಎರಡು ಮೊದಲ ಸುತ್ತಿನ ಆಯ್ಕೆಗಳು, ಅವುಗಳ ಜೊತೆಗೆ ಮೂರನೇ ಸುತ್ತಿನದೊಂದು. ಹೀಗೆ ಬಂದ ಸರದಿಯಲ್ಲಿ ಆರಿಸಿದ್ದು ನಾರ್ತ್ ಡಕೋಟ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಟ್ರೇ ಲ್ಯಾನ್ಸ್ ಎಂಬ ತರುಣನನ್ನು. ಕಾಲೇಜಿನಲ್ಲಿ ಆತ ಆರಂಭದಿಂದ ಆಡಿದ್ದು 17 ಪಂದ್ಯ ಮಾತ್ರ. ಕೋವಿಡ್‌ನಿಂದಾಗಿ 2020ರಲ್ಲಿ ಆಡಿದ್ದು ಒಂದೇ ಒಂದು. ಎತ್ತಿನ ಸಂತೆಗೆ ಹೋದ ರೈತ ಹಲ್ಲು ಎಣಿಸಿ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಗ್ಗ ಹಿಡಿಯುವುದಿಲ್ಲ. ಇಲ್ಲಿ ನಡೆಸಿ ನೋಡುವುದಕ್ಕೆ ಹೆಜ್ಜೆಗಳೇ ಕಡಿಮೆಯಿದ್ದವು, ಬೆಲೆ ಮಾತ್ರ ಮೂರು ಜೋಡಿ ಎತ್ತಿನದು.

ಮುಂದೆ ಆದದ್ದು ಎಲ್ಲರಿಗೂ ಗೊತ್ತು. ಲ್ಯಾನ್ಸ್ ನಮ್ಮ ತಂಡಕ್ಕೆ ಆರಂಭಿಕ ಆಟಗಾರನಾಗಿ ಆಡಿದ್ದು ನಾಲ್ಕೇ ಪಂದ್ಯ. 2022ರ ಸೆಪ್ಟೆಂಬರ್ 18ರಂದು ಸಿಯಾಟಲ್ ವಿರುದ್ಧ ಪಾದದ ಕೀಲು ಮುರಿಯಿತು. ಮರುವರ್ಷ ಆಗಸ್ಟ್‌ನಲ್ಲಿ ಅವನನ್ನು ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಡಲ್ಲಾಸ್‌ಗೆ ದಾಟಿಸಲಾಯಿತು. ಆ ಡಲ್ಲಾಸ್ ತಂಡವು 2021ರಲ್ಲಿ 12ನೇ ಸರದಿಯಲ್ಲೇ, ಅಂದರೆ ನಾವು ಬಿಟ್ಟುಕೊಟ್ಟ ಸಂಖ್ಯೆಯಲ್ಲೇ, ಮುಂದೆ ಲೀಗಿನ ಪ್ರಮುಖ ರಕ್ಷಣಾ ಆಟಗಾರನಾದ ಮೈಕಾ ಪಾರ್ಸನ್ಸ್‌ನನ್ನು ಆರಿಸಿಕೊಂಡಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ ಇದೆ. 2024ರ ಫೆಬ್ರುವರಿ 11ರ ಭಾನುವಾರ, ಇಲ್ಲಿನ ಮಧ್ಯಾಹ್ನ ಮೂರೂವರೆಗೆ ಸೂಪರ್ ಬೌಲ್ ಆರಂಭವಾದಾಗ ನಮ್ಮ ಮನೆಯ ಹಜಾರದಲ್ಲಿ ಹನ್ನೆರಡು ಜನ ಸೇರಿದ್ದೆವು. ಮೆಣಸಿನಕಾಯಿ ಬಜ್ಜಿ ಎರಡು ಸಲ ಕರಿದದ್ದಾಗಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಸುಮಾರು ಎರಡು ನಿಮಿಷ ಉಳಿದಿದ್ದಾಗ ಕಾನ್ಸಾಸ್ ಸಿಟಿ ಚೀಫ್ಸ್ ಮತ್ತು ನಮ್ಮ ತಂಡ 16-16ರಲ್ಲಿ ಸಮನಾಗಿದ್ದವು. ಮೂರನೇ ಪ್ರಯತ್ನ, ಬೇಕಾದದ್ದು ಐದು ಗಜ. ಅದು ಸಿಕ್ಕಿದ್ದರೆ ಗಡಿಯಾರವನ್ನು ಕರಗಿಸಿ ಎದುರಾಳಿಗೆ ಉಸಿರಾಡಲೂ ಸಮಯ ಕೊಡದೆ ಮುಗಿಸಬಹುದಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಚೆಂಡನ್ನು ಎಸೆಯುವಷ್ಟರಲ್ಲಿ, ಯಾರೂ ತಡೆಯದ ದಾರಿಯಿಂದ ನುಗ್ಗಿ ಬಂದ ಟ್ರೆಂಟ್ ಮೆಕ್‌ಡಫಿ ಎಂಬ ರಕ್ಷಣಾ ಆಟಗಾರ ಮೇಲಕ್ಕೆ ಚಿಮ್ಮಿ ಕೈಯೊಡ್ಡಿದ. ಚೆಂಡು ಅವನ ಬೆರಳಿಗೆ ಬಡಿದು ನೆಲ ಕಂಡಿತು. ನಮಗೆ ಸಿಕ್ಕಿದ್ದು ಮೂರು ಅಂಕ ಮಾತ್ರ. ಚೀಫ್ಸ್ ಅದನ್ನು ಸರಿಗಟ್ಟಿ, ಹೆಚ್ಚುವರಿ ಅವಧಿಯಲ್ಲಿ 25-22ರಿಂದ ಗೆದ್ದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಮೆಕ್‌ಡಫಿ ಕಾನ್ಸಾಸ್ ಸಿಟಿಗೆ ಬಂದದ್ದು ಹೇಗೆ ಎಂದು ಮರುದಿನ ನನ್ನ ಮಗ ಹುಡುಕಿ ತೆಗೆದ. ಲ್ಯಾನ್ಸ್‌ಗಾಗಿ ನಾವು ಮಯಾಮಿಗೆ ಕೊಟ್ಟ 2022ರ ಮೊದಲ ಸುತ್ತಿನ ಆಯ್ಕೆ 29ನೇ ಸರದಿಯಾಯಿತು. ಮಯಾಮಿ ಅದನ್ನು ಅಲ್ಲಿನ ಹೆಸರಾಂತ ಆಟಗಾರ ಟೈರೀಕ್ ಹಿಲ್‌ನನ್ನು ಪಡೆಯುವಾಗ ಕಾನ್ಸಾಸ್ ಸಿಟಿಗೆ ಕೊಟ್ಟಿತು. ಕಾನ್ಸಾಸ್ ಸಿಟಿ ಅದಕ್ಕೆ ಇನ್ನೆರಡು ಆಯ್ಕೆಗಳನ್ನು ಸೇರಿಸಿ ನ್ಯೂ ಇಂಗ್ಲೆಂಡ್‌ಗೆ ಕೊಟ್ಟು 21ನೇ ಸರದಿಗೆ ಏರಿತು, ಮೆಕ್‌ಡಫಿಯನ್ನು ಹೆಸರಿಸಿತು. "ಅಪ್ಪ, ಚೆಂಡಿಗೆ ಬಡಿದದ್ದು ನಾವೇ ಕೊಟ್ಟ ಕೈ" ಎಂದು ಅವನು ಹೇಳಿದಾಗ ನನಗೆ ಉತ್ತರ ತೋಚಲಿಲ್ಲ. ಲ್ಯಾನ್ಸ್ ಒಳ್ಳೆಯ ಆಟಗಾರನೋ ಅಲ್ಲವೋ ಎಂಬ ಚರ್ಚೆಯಲ್ಲಿ ಈ ಲೆಕ್ಕ ಎಲ್ಲಿಯೂ ಬರುವುದಿಲ್ಲ, ಏಕೆಂದರೆ ಅಭಿಮಾನಿಗಳು ಆಟಗಾರನ ಹೆಸರನ್ನು ಹಿಡಿದು ಜಗಳವಾಡುತ್ತಾರೆಯೇ ಹೊರತು ಕೈಬಿಟ್ಟುಹೋದದ್ದರ ಹಿಂದೆ ಹೋಗುವುದಿಲ್ಲ.

ಮಂಡ್ಯ ಕಡೆಯ ನನ್ನ ನೆರೆಯವರು ಇದಕ್ಕೆ ಸದಾ ಒಂದೇ ಉತ್ತರ ಕೊಡುತ್ತಾರೆ: "ಸ್ವಾಮಿ, ಪರ್ಡಿ ಸಿಕ್ಕಮೇಲೆ ಇನ್ನೇನು ಬೇಕು ನಿಮಗೆ?" ಪರ್ಡಿ 2022ರ ಡ್ರಾಫ್ಟಿನ ಕಟ್ಟಕಡೆಯ, 262ನೇ ಆಯ್ಕೆ. ಕೊನೆಯವನಿಗೆ 'ಮಿಸ್ಟರ್ ಇರ‍್ರೆಲೆವೆಂಟ್', ಅಂದರೆ ಲೆಕ್ಕಕ್ಕಿಲ್ಲದವ ಎಂದು ತಮಾಷೆಯ ಬಿರುದು ಕೊಡುವ ಪದ್ಧತಿ ಇಲ್ಲಿದೆ. ಆ ವರ್ಷ ಡಿಸೆಂಬರ್ 4ರಂದು ಆಗ ಆಡುತ್ತಿದ್ದ ಕ್ವಾರ್ಟರ್‌ಬ್ಯಾಕ್ ಗ್ಯಾರೊಪೊಲೊ ಗಾಯಗೊಂಡಾಗ ಒಳಗೆ ಬಂದ ಹುಡುಗ ತಂಡವನ್ನು ಸೂಪರ್ ಬೌಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್‌ವರೆಗೆ ಕೊಂಡೊಯ್ದ, ಮರುವರ್ಷ ಸೂಪರ್ ಬೌಲ್‌ಗೆ. ಅವನ ಬಗ್ಗೆ ನನಗೆ ಇರುವುದು ಬರೀ ಮೆಚ್ಚುಗೆ. ಆದರೆ ಅವನನ್ನು ಆರಿಸಿದವರ ದೂರದೃಷ್ಟಿ ಎಂದು ಅದನ್ನು ಹಾಡಿಹೊಗಳುವುದನ್ನು ನಾನು ಒಪ್ಪಲಾರೆ. ಅವನು ಇಷ್ಟು ಎತ್ತರಕ್ಕೆ ಬೆಳೆಯುತ್ತಾನೆ ಎಂದು ತಿಳಿದಿದ್ದರೆ ಅದೇ ಡ್ರಾಫ್ಟಿನಲ್ಲಿ ಅವನಿಗಿಂತ ಮೊದಲು ಎಂಟು ಮಂದಿಯನ್ನು ಏಕೆ ಆರಿಸಬೇಕಿತ್ತು? ಆ ಎಂಟರಲ್ಲಿ ಮೂರನೇ ಸುತ್ತಿನ ಟೈರಿಯನ್ ಡೇವಿಸ್-ಪ್ರೈಸ್ ಮತ್ತು ಡ್ಯಾನಿ ಗ್ರೇ ಇಬ್ಬರೂ ತಂಡದಲ್ಲಿ ನೆಲೆಯೂರಲಿಲ್ಲ. ಲಾಟರಿ ಹೊಡೆದವನನ್ನು ಅದೃಷ್ಟವಂತ ಎನ್ನೋಣ; ಅವನಿಗೆ ಮನೆಯ ಲೆಕ್ಕಪುಸ್ತಕ ಒಪ್ಪಿಸುವುದು ಬೇಡ.

ಮೂರನೇ ಸುತ್ತಿನ ಮಾತು ಬಂದದ್ದರಿಂದ ಇನ್ನಷ್ಟು ಹೇಳುತ್ತೇನೆ, ಏಕೆಂದರೆ ನಿಜವಾದ ನಿರಾಶೆ ಇರುವುದು ಅಲ್ಲಿ. 2021ರಲ್ಲಿ ನಾಲ್ಕನೇ ಸುತ್ತಿನ ಎರಡು ಆಯ್ಕೆಗಳನ್ನು ಕೊಟ್ಟು ಮೇಲೇರಿ 88ನೆಯವನಾಗಿ, ಚೆಂಡು ಹಿಡಿದು ಓಡುವ ಕೆಲಸಕ್ಕೆಂದು ಟ್ರೇ ಸರ್ಮನ್‌ನನ್ನು ಕೊಂಡರು. ಆ ವರ್ಷ ಅವನು ಓಡಿದ್ದು 167 ಗಜ. ಅದೇ ಡ್ರಾಫ್ಟಿನ ಆರನೇ ಸುತ್ತಿನಲ್ಲಿ, 194ನೆಯವನಾಗಿ, ಏನನ್ನೂ ಹೆಚ್ಚಿಗೆ ತೆರದೆ ಆರಿಸಿದ ಇಲೈಜಾ ಮಿಚೆಲ್ ಓಡಿದ್ದು 963 ಗಜ! 2023ರಲ್ಲಿ ಮೊದಲ ಎರಡು ಸುತ್ತುಗಳಲ್ಲಿ ಆಯ್ಕೆಯೇ ಇಲ್ಲದ ತಂಡವು 99ನೇ ಸರದಿಯಲ್ಲಿ ಒದೆಯುವ ಕೆಲಸಕ್ಕೆಂದು ಜೇಕ್ ಮೂಡಿಯನ್ನೂ, 101ರಲ್ಲಿ ಕ್ಯಾಮರನ್ ಲಾಟುವನ್ನೂ ಆರಿಸಿತು. ಲಾಟು ನಮ್ಮ ತಂಡಕ್ಕಾಗಿ ಲೀಗಿನ ಒಂದು ಪಂದ್ಯವನ್ನೂ ಆಡದೆ ಹೊರಟುಹೋದ. ಮೂಡಿಯನ್ನು 2025ರ ಸೆಪ್ಟೆಂಬರ್‌ನಲ್ಲಿ, ಋತುವಿನ ಮೊದಲ ಪಂದ್ಯ ಮುಗಿದ ಎರಡೇ ದಿನಕ್ಕೆ ಕೈಬಿಟ್ಟರು. ಆ ಪಂದ್ಯದಲ್ಲಿ ಅವನು ಒದ್ದ ಹತ್ತಿರದ ಚೆಂಡೊಂದು ಕಂಬಕ್ಕೆ ಬಡಿದು ವಾಪಸ್ ಬಂದದ್ದನ್ನು ನಾನೂ ನೋಡಿದೆ. ಆ ಹುಡುಗನ ಮುಖ ನೋಡಲಾಗಲಿಲ್ಲ. ಒದೆಯುವವರು ಸಾಮಾನ್ಯವಾಗಿ ಕೊನೆಯ ಸುತ್ತುಗಳಲ್ಲಿ, ಎಷ್ಟೋ ವೇಳೆ ಡ್ರಾಫ್ಟಿನ ಹೊರಗೇ ಸಿಗುತ್ತಾರೆ. ತನ್ನನ್ನು 99ನೇ ಸರದಿಯಲ್ಲಿ ಆರಿಸಿರೆಂದು ಮೂಡಿ ಯಾರಲ್ಲಿಯೂ ಅರ್ಜಿ ಹಾಕಿರಲಿಲ್ಲ.

ಪೂರ್ತಿ ಕತ್ತಲೆಯ ಚಿತ್ರ ಬರೆದರೆ ಅದೂ ಸುಳ್ಳಾಗುತ್ತದೆ. ವ್ಯವಸ್ಥಾಪಕ ಜಾನ್ ಲಿಂಚ್ ಮತ್ತು ಮುಖ್ಯ ತರಬೇತುದಾರ ಕೈಲ್ ಶಾನಹಾನ್ ಜೋಡಿ 2017ರಲ್ಲಿ ಬಂದ ಮೇಲೆ ಐದನೇ ಸುತ್ತಿನಲ್ಲಿ ಜಾರ್ಜ್ ಕಿಟಲ್, ಡ್ರೇ ಗ್ರೀನ್‌ಲಾ, ತಲನೋವಾ ಹುಫಾಂಗಾ ಸಿಕ್ಕಿದ್ದಾರೆ. ಫ್ರೆಡ್ ವಾರ್ನರ್ ಬಂದದ್ದು ಇದೇ ಮೂರನೇ ಸುತ್ತಿನಲ್ಲಿ, 2018ರಲ್ಲಿ. 2019ರ ಎರಡನೇ ಸರದಿಯ ನಿಕ್ ಬೋಸಾ ವಿಷಯದಲ್ಲಿ ಯಾರ ತಕರಾರೂ ಇಲ್ಲ. ಕಾದು ಕುಳಿತು, ತಮ್ಮ ಸರದಿ ಬಂದಾಗ ಉಳಿದವರಲ್ಲಿ ಒಳ್ಳೆಯವನನ್ನು ಆರಿಸಿದಾಗ ಈ ಜೋಡಿಯ ಕಣ್ಣು ಚುರುಕಾಗಿಯೇ ಕೆಲಸ ಮಾಡಿದೆ. ಒಬ್ಬನೇ ಬೇಕು, ಅವನೇ ಬೇಕು ಎಂದು ಹಟ ಹಿಡಿದಾಗ ಹಲವು ಸಲ ಮುಗ್ಗರಿಸಿದೆ. 2020ರಲ್ಲಿ ಡಿಫಾರೆಸ್ಟ್ ಬಕ್ನರ್‌ನಂಥ ಪಳಗಿದ ಆಟಗಾರನನ್ನು ಇಂಡಿಯಾನಾಪೊಲಿಸ್‌ಗೆ ಕೊಟ್ಟು ಪಡೆದ 13ನೇ ಸರದಿಯನ್ನು ಒಂದು ಮೆಟ್ಟಿಲು ಇಳಿಸಿಕೊಂಡು ಅವನದೇ ಜಾಗಕ್ಕೆ ಜವಾನ್ ಕಿನ್ಲಾನನ್ನು ತಂದದ್ದೂ ಇಂಥದ್ದೇ ಹಟ. ಬಿಟ್ಟ 13ರಲ್ಲಿ ಟ್ಯಾಂಪಾ ಬೇ ಆರಿಸಿದ ಟ್ರಿಸ್ಟನ್ ವರ್ಫ್ಸ್ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ.

ಇನ್ನೊಂದು ಕಡೆಯವರ ಆತುರವೂ ನನಗೆ ಹಿಡಿಸುವುದಿಲ್ಲ. ಡ್ರಾಫ್ಟಿನ ಮರುದಿನ ಬೆಳಿಗ್ಗೆಯೇ ಪತ್ರಕರ್ತರು ಅಂಕಪಟ್ಟಿ ಕೊಡುತ್ತಾರೆ, ಅಭಿಮಾನಿಗಳು ಅದನ್ನು ಹಿಡಿದು ಕುಣಿಯುತ್ತಾರೆ. 2024ರ ಮೊದಲ ಸುತ್ತಿನ ರಿಕ್ಕಿ ಪಿಯರ್‌ಸಾಲ್ ಆ ಋತು ಶುರುವಾಗುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊದ ಯೂನಿಯನ್ ಸ್ಕ್ವೇರ್‌ನಲ್ಲಿ ದರೋಡೆ ಯತ್ನವೊಂದರಲ್ಲಿ ಎದೆಗೆ ಗುಂಡು ತಗುಲಿ ಆಸ್ಪತ್ರೆ ಸೇರಿದ. ಎರಡು ತಿಂಗಳೊಳಗೆ ಮೈದಾನಕ್ಕಿಳಿದು ಆ ವರ್ಷ 400 ಗಜ ಗಳಿಸಿದ ಹುಡುಗನನ್ನು 'ನಿರಾಶೆ' ಎಂದು ಬರೆದವರನ್ನು ಕಂಡು ನನಗೆ ನಾಚಿಕೆಯಾಯಿತು. ಈ ಆತುರ ನಮ್ಮ ಕಡೆಯೂ ಇದೆ. 2024ರ ನವೆಂಬರ್‌ನ ಹರಾಜಿನಲ್ಲಿ ಕೆ. ಎಲ್. ರಾಹುಲ್ ಡೆಲ್ಲಿ ಪಾಲಾದಾಗ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆರ್‌ಸಿಬಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ; 5.75 ಕೋಟಿಗೆ ಕೃಣಾಲ್ ಪಾಂಡ್ಯ ಯಾಕೆ ಎಂದು ಕೇಳಿದವರಲ್ಲಿ ನಾನೂ ಒಬ್ಬ. 2025ರ ಜೂನ್ 3ರ ಫೈನಲ್‌ನಲ್ಲಿ ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದು ಪಂದ್ಯಶ್ರೇಷ್ಠನಾದವನು ಅದೇ ಕೃಣಾಲ್.

ಈ ವಾದ ಈಗ ಮುಖ್ಯವಾಗಲು ಕಾರಣವಿದೆ. ಪರ್ಡಿ ಮೊದಲ ಮೂರು ವರ್ಷ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಿಂತ ಕಡಿಮೆ ಸಂಬಳಕ್ಕೆ ಆಡಿದ. ಪ್ರತಿ ತಂಡದ ಒಟ್ಟು ಸಂಬಳಕ್ಕೆ ಮಿತಿಯಿರುವ ಈ ಲೀಗಿನಲ್ಲಿ ಅಷ್ಟು ಅಗ್ಗದ ಕ್ವಾರ್ಟರ್‌ಬ್ಯಾಕ್ ಇದ್ದುದರಿಂದ ಮೂರನೇ ಸುತ್ತಿನ ನಷ್ಟಗಳನ್ನು ದುಬಾರಿ ಹಿರಿಯರನ್ನು ತಂದು ಮುಚ್ಚಿಹಾಕಬಹುದಿತ್ತು. 2025ರ ಮೇ ತಿಂಗಳಲ್ಲಿ ಅವನ ಜೊತೆ ಐದು ವರ್ಷಕ್ಕೆ 26.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಅದೇ ವರ್ಷ ಹುಫಾಂಗಾ, ಗ್ರೀನ್‌ಲಾ, ಡೀಬೊ ಸ್ಯಾಮ್ಯುಯೆಲ್ ಮುಂತಾದವರು ಬೇರೆ ತಂಡಗಳಿಗೆ ಹೋದರು. ಖಾಲಿಯಾದ ಜಾಗಗಳನ್ನು ಇನ್ನು ಮೇಲೆ ಡ್ರಾಫ್ಟಿನ ಹುಡುಗರೇ ತುಂಬಬೇಕು. 2025ರಲ್ಲಿ ತಂಡ ಮೊದಲ ಐದು ಆಯ್ಕೆಗಳನ್ನೂ ರಕ್ಷಣಾ ವಿಭಾಗಕ್ಕೇ ಮೀಸಲಿಟ್ಟದ್ದು ಇದೇ ಲೆಕ್ಕದಿಂದ.

ಆ ಐವರಲ್ಲಿ ಮೊದಲಿಗನಾದ, 11ನೇ ಸರದಿಯ ಮೈಕಲ್ ವಿಲಿಯಮ್ಸ್ ಮೊದಲ ಋತುವಿನ ನಡುವೆಯೇ ಮೊಣಕಾಲಿನ ಗಾಯದಿಂದ ಹೊರಗುಳಿದ. ಅವನೂ ನಿರಾಶೆಯ ಪಟ್ಟಿಗೆ ಸೇರಿದನೇ ಎಂದು ನೆರೆಯವರು ಕಳೆದ ವಾರ ಕೇಳಿದರು. ಅವನಿಗಾಗಿ ತಂಡ ಮುಂದಿನ ವರ್ಷಗಳ ಯಾವ ಆಯ್ಕೆಯನ್ನೂ ಒತ್ತೆಯಿಟ್ಟಿಲ್ಲ, ತನ್ನ ಸರದಿಗೆ ಬಂದವನನ್ನು ಆರಿಸಿದೆ. ಆದ್ದರಿಂದ ಅವನ ಬಗ್ಗೆ 2028ರಲ್ಲಿ ಕೇಳಿ ಎಂದೆ. ಲ್ಯಾನ್ಸ್ ಒಪ್ಪಂದದ ಬಗ್ಗೆಯಾದರೆ ಈಗಲೇ ಕೂತು ಮಾತಾಡೋಣ, ಕಾಫಿ ನನ್ನದೇ ಎಂದೂ ಸೇರಿಸಿದೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಓದುಗ
ಸಾಂತಾ ಕ್ಲಾರಾ, ಕ್ಯಾಲಿಫೋರ್ನಿಯಾ