ಟ್ರಕ್ಕಿನ ಫ್ಯಾನ್ ಬಗ್ಗೆ ಅಳಿಯನಿಗೆ

ಚಿರಂಜೀವಿ ಸುಹಾಸನಿಗೆ,

ದಾವಣಗೆರೆಯಿಂದ ನಿನ್ನ ಮಾವನ ಆಶೀರ್ವಾದಗಳು.

ನಿನ್ನ 2002ರ ಸಿಲ್ವರಾಡೋ ಟ್ರಕ್ಕಿನಲ್ಲಿ ಎಂಜಿನ್ ತಣಿಸುವ ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಹಾಕಬೇಕು ಅಂತ ಬರೆದಿದ್ದೀಯ. ಅದೇ ಮಾದರಿಯ 2005ರ ಗಾಡಿಯ ಜೋಡಿ ಫ್ಯಾನ್ ಗುಜರಿಯಲ್ಲಿ ಸಿಕ್ಕಿದ್ದು ಒಳ್ಳೆಯದೇ ಆಯಿತು. ಶ್ರೌಡ್, ಅಂದರೆ ಫ್ಯಾನಿನ ಸುತ್ತಲಿನ ಹೊದಿಕೆ ಸಮೇತ ಬರುತ್ತದೆ, ರೇಡಿಯೇಟರಿನ ಪೂರ್ತಿ ಮೈಯಿಂದ ಗಾಳಿ ಎಳೆಯುತ್ತದೆ. ನಿನ್ನ ರೇಡಿಯೇಟರಿನ ಅಗಲ ಮಾತ್ರ ಒಮ್ಮೆ ಅಳೆದು ನೋಡು.

ಮೊದಲು ಒಂದು ಪ್ರಶ್ನೆ. ಆ ಗಾಡಿಯಲ್ಲಿ ಭಾರದ ಟ್ರೈಲರ್ ಎಳೆಯುತ್ತೀಯಾ? ಎಳೆಯುವುದಾದರೆ ಹಳೆಯ ಫ್ಯಾನೇ ಇರಲಿ. ಟೆಕ್ಸಾಸ್ ಬೇಸಿಗೆಯಲ್ಲಿ ಭಾರ ಹೊತ್ತು ನಿಧಾನಕ್ಕೆ ಏರು ಹತ್ತುವಾಗ, ತನ್ನ ಫ್ಯಾನ್ ಕ್ಲಚ್ ಚೆನ್ನಾಗಿರುವ ಬೆಲ್ಟ್ ಫ್ಯಾನ್ ಎಳೆಯುವಷ್ಟು ಗಾಳಿಯನ್ನು ಎಲೆಕ್ಟ್ರಿಕ್ ಫ್ಯಾನ್ ಎಳೆಯುವುದು ಕಷ್ಟ. ಆಫೀಸಿಗೆ, ಮಾರ್ಕೆಟ್ಟಿಗೆ ಓಡಿಸುವ ಗಾಡಿ ಅಂದರೆ ಧಾರಾಳವಾಗಿ ಬದಲಾಯಿಸು.

ನೀನು ಮೂರು ದಾರಿ ಕೇಳಿದ್ದೀಯ. ಡ್ಯಾಷ್‌ಬೋರ್ಡಿನಲ್ಲಿ ಬರೀ ಸ್ವಿಚ್, ರೇಡಿಯೇಟರಿಗೆ ಚುಚ್ಚುವ ಪ್ರೋಬ್ (ಬಿಸಿ ಅಳೆಯುವ ಸೆನ್ಸರ್ ಕಡ್ಡಿ) ಇರುವ ಕಿಟ್, ಇಲ್ಲವೇ ಗಾಡಿಯ ಕಂಪ್ಯೂಟರಿನಿಂದಲೇ ಕಂಟ್ರೋಲ್. ಮೂರರಲ್ಲೂ ಫ್ಯಾನ್ ತಿರುಗುತ್ತದೆ. ಆದರೆ ಏನಾದರೂ ಕೆಟ್ಟ ದಿನ ಫ್ಯಾನ್ ಓಡುತ್ತಾ ಇರುತ್ತದೋ, ನಿಂತುಬಿಡುತ್ತದೋ? ಇದನ್ನೇ ನೋಡಿ ಆರಿಸಬೇಕು ಅಂತ ನನ್ನ ಅಭಿಪ್ರಾಯ. ಇವತ್ತಿನ ಎಂಜಿನ್‌ಗಳ ಅಲ್ಯುಮಿನಿಯಂ ಸಿಲಿಂಡರ್ ಹೆಡ್ ಒಮ್ಮೆ ಅತಿಯಾಗಿ ಕಾದರೆ ಸೊಟ್ಟಗಾಗಬಹುದು. ಫ್ಯಾನಿನ ಖರ್ಚು ಅದರ ಮುಂದೆ ಏನೂ ಅಲ್ಲ.

ಬರೀ ಸ್ವಿಚ್ ಬೇಡವೇ ಬೇಡ. ಟ್ರಾಫಿಕ್ಕಿನಲ್ಲಿ ಫೋನ್ ಬಂತು, ಮನಸ್ಸು ಎಲ್ಲೋ ಹೋಯಿತು, ಸ್ವಿಚ್ ಮರೆತೆ ಅಂದರೆ ಮುಗಿಯಿತು. ಪ್ರೋಬ್ ಕಿಟ್ಟಿನಲ್ಲಿ ಬೇರೆ ತೊಂದರೆ. ಬಿಸಿಯಾದಷ್ಟೂ ಆ ಸೆನ್ಸರಿನ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ವೈರ್ ತುಂಡಾದರೆ ರೆಸಿಸ್ಟೆನ್ಸ್ ಮಿತಿಮೀರಿ ಏರುತ್ತದೆ, ಅಂದರೆ ಕಂಟ್ರೋಲರಿಗೆ ಎಂಜಿನ್ ತಣ್ಣಗಿದ್ದ ಹಾಗೆ ಕಾಣುತ್ತದೆ. ಸಾದಾ ಕಿಟ್ ಆದರೆ ಫ್ಯಾನ್ ಆನ್ ಆಗುವುದೇ ಇಲ್ಲ. ಫಿನ್ನುಗಳ ನಡುವೆ ಚುಚ್ಚಿದ ಪ್ರೋಬ್ ಸಡಿಲವಾದರೂ ಅದೇ ಕಥೆ.

ನಿನ್ನ ಗಾಡಿಯ ಕಂಪ್ಯೂಟರಿಗೆ ಸಿಲಿಂಡರ್ ಹೆಡ್‌ನಲ್ಲೇ ಕೂತಿರುವ ಸೆನ್ಸರ್ ಇದೆ. ಎಸಿ ಯಾವಾಗ ಓಡುತ್ತಿದೆ ಅಂತಲೂ ಅದಕ್ಕೆ ಗೊತ್ತು. ಸೆನ್ಸರ್ ಕೆಟ್ಟರೆ ಕಂಪ್ಯೂಟರ್ ಆ ದೋಷ ಗುರುತಿಸಿ ಫ್ಯಾನನ್ನು ಓಡಿಸಿಯೇ ಇಡುತ್ತದೆ. ಫ್ಯಾನ್ ಕಂಟ್ರೋಲ್ ಆನ್ ಮಾಡಿಸಲು ಟ್ಯೂನಿಂಗ್ ಮಾಡುವವರಿಗೆ (ಗಾಡಿಯ ಕಂಪ್ಯೂಟರಿನ ಪ್ರೋಗ್ರಾಂ ಬದಲಾಯಿಸುವವರು) ದುಡ್ಡು ಕೊಡಬೇಕಾಗುತ್ತದೆ, ಕೊಡು. ಈ ಕೆಲಸದಲ್ಲಿ ಉಳಿತಾಯ ನೋಡಬಾರದ ಜಾಗ ಇದೊಂದೇ. ಅವರು ಕೇಳಿದರೆ, ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆರೆಯುವ ತಾಪಕ್ಕಿಂತ 10ರಿಂದ 15 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಫ್ಯಾನ್ ಶುರುವಾಗಲಿ ಅನ್ನು. ಥರ್ಮೋಸ್ಟ್ಯಾಟ್ 195ರದ್ದಾದರೆ 205ರಿಂದ 210. ಅದಕ್ಕಿಂತ ಕೆಳಗೆ ಇಟ್ಟರೆ ಫ್ಯಾನ್ ಸುಮ್ನೆ ದಿನವಿಡೀ ತಿರುಗುತ್ತದೆ, ಎಂಜಿನ್ ಅದರಿಂದ ಹೆಚ್ಚು ತಣ್ಣಗಾಗುವುದಿಲ್ಲ.

ಇನ್ನು ವೈರಿಂಗ್. ಈ ಜೋಡಿಗೆ ಮೂರು ರಿಲೇ ಬೇಕು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್‌ಗಳು. ಸ್ಲೋ ಸ್ಪೀಡಿನಲ್ಲಿ ಮೊದಲ ರಿಲೇ ಮಾತ್ರ ಎಳೆಯುತ್ತದೆ. ಕರೆಂಟ್ ಒಂದು ಫ್ಯಾನ್ ದಾಟಿ, ಎರಡನೇ ರಿಲೇಯ 87ಎ ಕಾಲಿನ (ರಿಲೇ ಎಳೆಯದಿದ್ದಾಗ ಕೂಡಿಕೊಂಡಿರುವ ಕಾಲು) ಮೂಲಕ ಇನ್ನೊಂದು ಫ್ಯಾನಿಗೆ ಹೋಗುತ್ತದೆ. ಎರಡೂ ಸೀರೀಸಿನಲ್ಲಿ, ಅರ್ಧ ಅರ್ಧ ವೋಲ್ಟೇಜಿನಲ್ಲಿ, ಸದ್ದಿಲ್ಲದೆ ತಿರುಗುತ್ತವೆ. ಫುಲ್ ಸ್ಪೀಡಿಗೆ ಮೂರೂ ಎಳೆಯುತ್ತವೆ. ಆಗ ಎರಡನೇ ರಿಲೇ ಮೊದಲ ಫ್ಯಾನನ್ನು ನೇರ ಅರ್ತಿಗೆ ಕೊಡುತ್ತದೆ, ಮೂರನೆಯದು ಎರಡನೇ ಫ್ಯಾನಿಗೆ ಬೇರೆ ಫ್ಯೂಸಿನಿಂದ ಪಾಸಿಟಿವ್ ಕೊಡುತ್ತದೆ. ಹಾಗಾಗಿ ನಡುವಿನ ರಿಲೇ ಐದು ಕಾಲಿನದ್ದೇ ಆಗಬೇಕು. ಕಂಪ್ಯೂಟರ್ ರಿಲೇ ಎಳೆಯುವ ಕಾಯಿಲ್‌ಗೆ ಪಾಸಿಟಿವ್ ಕೊಡುವುದಿಲ್ಲ, ಅರ್ತ್ ಕೊಡುತ್ತದೆ. ಪಾಸಿಟಿವ್ ಇಗ್ನಿಷನ್ ಲೈನಿನಿಂದ ಬರಲಿ, ಕೀ ತೆಗೆದ ಮೇಲೆ ಬ್ಯಾಟರಿ ಇಳಿಯಬಾರದು ಅಲ್ವಾ?

ನಿನಗೆ ಒಂದು ಸ್ವಿಚ್ ಇರಲೇಬೇಕು ಅನಿಸಿದರೆ, ಆನ್ ಮಾಡುವುದಕ್ಕೆ ಮಾತ್ರ ಹಾಕು. ಆಫ್ ಮಾಡುವ ಅಧಿಕಾರ ಅದಕ್ಕೆ ಬೇಡ. ಕಂಪ್ಯೂಟರ್ ಕೊಡುವ ಎರಡೂ ಅರ್ತ್ ಲೈನ್‌ಗಳ ಜೊತೆ ಪ್ಯಾರಲಲ್ ಆಗಿ, ಡಬಲ್ ಪೋಲ್ ಸ್ವಿಚ್ (ಎರಡು ಲೈನನ್ನು ಬೇರೆ ಬೇರೆಯಾಗಿಯೇ ಒಟ್ಟಿಗೆ ಆನ್ ಮಾಡುವ ಸ್ವಿಚ್) ಹಾಕು. ಎರಡು ಲೈನನ್ನು ಒಟ್ಟಿಗೆ ಸೇರಿಸಿಬಿಟ್ಟರೆ ಸ್ಲೋ ಸ್ಪೀಡೇ ಇಲ್ಲವಾಗುತ್ತದೆ, ಯಾವಾಗಲೂ ಫುಲ್ಲೇ.

ಫ್ಯೂಸ್ ಇರುವುದು ವೈರನ್ನು ಉಳಿಸುವುದಕ್ಕೆ. ಅದಕ್ಕೇ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ನಮ್ಮ ಅಂಗಡಿಗೆ ಒಂದು ಪಿಕಪ್ ಬಂದಿತ್ತು. ಯಾರೋ ಫ್ಯೂಸನ್ನು ಡ್ಯಾಷ್‌ಬೋರ್ಡ್ ಕೆಳಗೆ ಹಾಕಿದ್ದರು. ಬ್ಯಾಟರಿಯಿಂದ ಅಲ್ಲಿವರೆಗಿನ ವೈರ್ ದಾರಿಯಲ್ಲಿ ಉಜ್ಜಿ ಬಾಡಿಗೆ ತಾಗಿತ್ತು. ಫ್ಯೂಸ್ ಹೊಸದರ ಹಾಗೇ ಇತ್ತು, ವೈರಿನ ಕಟ್ಟು ಪೂರ್ತಿ ಕರಗಿ ಹೋಗಿತ್ತು.

ಒಂದೊಂದು ಫ್ಯಾನಿಗೂ ಬೇರೆ ಫ್ಯೂಸ್, ಬೇರೆ 10 ಗೇಜ್ ವೈರ್ ಹಾಕು. ಫ್ಯಾನ್ ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ಕ್ಲ್ಯಾಂಪ್ ಮೀಟರಿನಲ್ಲಿ ಅಳೆದು, ಅದು ಫ್ಯೂಸಿನ ಮುಕ್ಕಾಲು ಭಾಗ ದಾಟದ ಹಾಗೆ ಆರಿಸು. 30 ಆಂಪಿಯರ್ ಎಳೆದರೆ 40ರ ಫ್ಯೂಸ್. ಶುರುವಾಗುವ ಕ್ಷಣಕ್ಕೆ ಮೋಟರ್ ಇದರ ಎರಡು ಮೂರು ಪಟ್ಟು ಎಳೆಯುತ್ತದೆ, ಹೆಡ್‌ಲೈಟ್ ಒಮ್ಮೆ ಮಿಣುಕಿದರೆ ಗಾಬರಿ ಬೇಡ. ಐಡ್ಲಿಂಗಿನಲ್ಲಿ ಮಿಣುಕುತ್ತಲೇ ಇದ್ದರೆ ಆಲ್ಟರ್ನೇಟರ್ ಸಾಲುತ್ತಿಲ್ಲ. ಅದರ ಮೇಲೆ ಬರೆದ ಆಂಪಿಯರ್ ಐಡ್ಲಿಂಗಿನಲ್ಲಿ ಸಿಗುವುದಿಲ್ಲ, ನೆನಪಿರಲಿ.

ಅರ್ತ್ ವೈರ್ ಪಾಸಿಟಿವ್‌ನಷ್ಟೇ ದಪ್ಪ ಇರಬೇಕು. ಪೇಂಟ್ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟ್ ಬಿಗಿ ಮಾಡಿ, ಮೇಲೆ ಗ್ರೀಸ್ ಸವರು. ಜಾಯಿಂಟ್‌ಗಳನ್ನು ಟೇಪ್ ಸುತ್ತಿ ಬಿಡಬೇಡ. ಸರಿಯಾದ ಟೂಲಿನಲ್ಲಿ ಲಗ್ ಕ್ರಿಂಪ್ ಮಾಡಿ, ಹೀಟ್ ಶ್ರಿಂಕ್ ಹಾಕು. ರಿಲೇಗಳ ಬಾಯಿ ಕೆಳಗೆ ಬರಲಿ, ನೀರು ನಿಲ್ಲುವುದಿಲ್ಲ. ಎಕ್ಸಾಸ್ಟ್ ಹತ್ತಿರ ಏನೂ ಬೇಡ.

ಎಲ್ಲ ಮುಗಿದ ಮೇಲೆ ಫ್ಯಾನ್ ಓಡಿಸಿ, ಗ್ರಿಲ್ ಮುಂದೆ ಒಂದು ಹಾಳೆ ಹಿಡಿ. ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು. ಹೊರಗೆ ಹಾರಿದರೆ ಪ್ಲಸ್ ಮೈನಸ್ ಅದಲುಬದಲಾಗಿದೆ. ಆಮೇಲೆ ಮಲ್ಟಿಮೀಟರ್ ತೆಗೆದುಕೊಂಡು, ಫ್ಯಾನ್ ಫುಲ್ ಸ್ಪೀಡಿನಲ್ಲಿ ಇರುವಾಗಲೇ ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಫ್ಯಾನಿನ ಕನೆಕ್ಟರಿನಲ್ಲಿ ಒಮ್ಮೆ ವೋಲ್ಟ್ ನೋಡು. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಎಲ್ಲೋ ಒಂದು ಜಾಯಿಂಟ್ ಬಿಸಿಯಾಗುತ್ತಿದೆ, ಕೈಯಿಟ್ಟು ಹುಡುಕು. ಕಡೆಗೆ ಸೆನ್ಸರಿನ ಪ್ಲಗ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡು. ಫ್ಯಾನ್ ತಾನಾಗಿ ಓಡಬೇಕು. ಓಡದಿದ್ದರೆ ಗಾಡಿಯನ್ನು ರಸ್ತೆಗೆ ತೆಗೆಯಬೇಡ, ಟ್ಯೂನ್ ಮಾಡಿದವರ ಹತ್ತಿರ ವಾಪಸ್ ಹೋಗು.

ವೋಲ್ಟಿನ ಆ ಎರಡು ಲೆಕ್ಕ, ರಿಲೇ ಕೂರಿಸಿದ ಜಾಗದ ಫೋಟೋ ನನಗೆ ಕಳಿಸು, ನೋಡಿ ಹೇಳುತ್ತೇನೆ. ಕೆಲಸ ಮಾಡುವಾಗ ಮೊದಲು ಬ್ಯಾಟರಿಯ ಮೈನಸ್ ತೆಗೆದಿಡು. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡ. ಅಕ್ಕ, ಅಂದರೆ ನಿನ್ನ ಅಮ್ಮ, ನಿನಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡಲು ಹೇಳಿದ್ದಾಳೆ.

ಇಂತಿ ನಿನ್ನ ಮಾವ