ಪೋಸ್ಟರಿನಲ್ಲಿರುವ ರೇಡಿಯೋ ಲಾಂಛನದ ಕುರಿತು

ಸದಸ್ಯರೆಲ್ಲರಿಗೂ ನಮಸ್ಕಾರಗಳು. ಭಾನುವಾರ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ನಡೆಯಲಿರುವ ನಮ್ಮ ನಾಟಕದ ಜಾಹೀರಾತನ್ನು ಸ್ಥಳೀಯ ಕೇಬಲ್ ವಾಹಿನಿಯೊಂದು ನಿನ್ನೆ ಹಿಂದಿರುಗಿಸಿದೆ. ಪೋಸ್ಟರಿನ ಬಲಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟಿರುವ ಎಫ್‌ಎಂ ರೇಡಿಯೋ ಲಾಂಛನವೇ ಅದಕ್ಕೆ ಕಾರಣ. ಕೆಲವರು ಬೇಸರಪಟ್ಟಿದ್ದೀರಿ, ಆದರೆ ವಾಹಿನಿಯವರ ನಿಲುವು ನನಗೆ ಸರಿಯೆಂದೇ ತೋರುತ್ತದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷ ಮಾತ್ರ ಜಾಹೀರಾತಿಗೆ ಅವಕಾಶವಿದ್ದು, ಅದರಲ್ಲಿ ವಾಹಿನಿಯ ಸ್ವಂತ ಪ್ರಚಾರಕ್ಕೇ ಸಿಗುವುದು 2 ನಿಮಿಷ. ಹೀಗಿರುವಾಗ, ಇದೇ ಊರಿನ ಅದೇ ಬಟ್ಟೆ ಅಂಗಡಿ, ಚಿನ್ನದಂಗಡಿಗಳ ಜಾಹೀರಾತನ್ನು ನೆಚ್ಚಿಕೊಂಡಿರುವ ಎದುರಾಳಿ ರೇಡಿಯೋದ ಕಡೆಗೆ ತನ್ನ ನೋಡುಗರನ್ನು ಯಾವ ವಾಹಿನಿ ತಾನೇ ಕಳುಹಿಸೀತು? ಆದ್ದರಿಂದ ಪ್ರಚಾರ ಸಮಿತಿಯವರು ಲಾಂಛನವಿಲ್ಲದ ಪ್ರತಿಯನ್ನು ಗುರುವಾರ ಸಂಜೆ 5ರೊಳಗೆ ಇಲ್ಲಿ ಹಾಕಬೇಕು. ಅಲ್ಲಿಯವರೆಗೆ ಹಳೆಯದನ್ನು ಯಾರೂ ಹಂಚಬಾರದು. ಆಕ್ಷೇಪಣೆ ಇದ್ದವರು ದಯವಿಟ್ಟು ಇಂದೇ ತಿಳಿಸಿ.